ಮೊಮ್ಮಗಳ ಶಬ್ದಕೋಶ, ಮನಿಮಂದಿ ಪಜೀತಿ

ನಮ್ಮ ಮನ್ಯಾಗ ಯಾವ ಕೆಲಸಾನೂ ಸರಳ ಮುಗಿಯೂದ ಇಲ್ಲ. ಹಾಲು ಕಾಸಾಕ ಇಟ್ಟರೂ ಏನರೆ ಒಂದು ಕಥಿ ಆಗತೈತಿ. ಅಂಥಾದ್ರಾಗ ಐದನೇ ಇಯತ್ತೆ ಓದೂ ಮೊಮ್ಮಗಳು ಒಂದಿನ ಸಾಲಿಯಿಂದ ಇಟ್ಟಂಗಿಯಂಥಾ ಪುಸ್ತಕ ಹೊತ್ಕೊಂಡು ಬಂದ್ಲು. ಶಬ್ದಕೋಶ ಅಂತ. ನಾ ಸಾಲಿ ಕಟ್ಟಿ ಹತ್ತಿದಾಕಿ ಅಲ್ಲ. ಆದ್ರ ಆ ಪುಸ್ತಕದ ಸಲುವಾಗಿ ನಾ ತಲಿ ಕೆಡಿಸಿಕೊಂಡಷ್ಟು ಓದಿದವರೂ ಕೆಡಿಸಿಕೊಂಡಿರಲಿಕ್ಕಿಲ್ಲ.

ಜಳಕಾ ಮಾಡಿ ಮುಟ್ಟು

ಹುಡುಗಿ ಮಾರಿ ಸಣ್ಣದು ಮಾಡ್ಕೊಂಡು ಕುಂತಿದ್ಲು. "ಯಾಕವ್ವಾ?" ಅಂದೆ.

"ಅಜ್ಜಿ, ಜಮಖಂಡ್ಯಾಗ ಸ್ಪರ್ಧಾ ಐತಿ. ಅವರು ಒಂದು ಶಬ್ದ ಹೇಳತಾರ. ಅದನ್ನ ಇದರಾಗ ಲಗೂನ ಹುಡುಕಿ, ಅರ್ಥ ಓದಿ, ಒಂದು ವಾಕ್ಯ ಮಾಡಬೇಕು. ಸಾಲಿ ಅಕ್ಕೋರು ನನ್ನ ಹೆಸರು ಕೊಟ್ಟಾರ. ನನಗ ಹುಡುಕಾಕ ಭಾಳ ಹೊತ್ತು ಹಿಡಿತೈತಿ. ಸೋತ್ರ ಗೆಳತ್ಯಾರೆಲ್ಲಾ ನಗತಾರ."

ಕೂಸಿನ ಕಣ್ಣಾಗ ನೀರು. ನನ್ನ ಕೈಲಿ ಆಗೂದು ನಾ ಮಾಡಬೇಕಲ್ಲ? ನಮ್ಮ ಬನಹಟ್ಟ್ಯಾಗ ಹೊಸಾ ಮಗ್ಗ ಬಂದ್ರ ಪೂಜಿ, ಹೊಸಾ ಗಾಡಿ ಬಂದ್ರ ಪೂಜಿ. ವಿದ್ಯಾ ಬಂದ್ರ ಬ್ಯಾಡೇನು? ಪುಸ್ತಕಕ್ಕ ಇಬತ್ತಿ ಹಚ್ಚಿ, ಹೊಸಾ ಖಣದಾಗ ಸುತ್ತಿ, ದೇವರ ಜಗಲಿ ಮ್ಯಾಲ ಇಟ್ಟೆ. "ಜಳಕಾ ಮಾಡಿ ಮುಟ್ಟವ್ವಾ" ಅಂತ ತಾಕೀತೂ ಮಾಡಿದೆ.

ಮುಂಜಾನೆ ಜಳಕಾ ಮಾಡಿ ಒಂದು ಶಬ್ದ ನೋಡಿದ್ಲು. ಆಟಾ ಆಡಿ ಬಂದ್ಲು, ಮತ್ತೊಂದು ಶಬ್ದ ನೋಡೂದಿತ್ತು, ಮತ್ತ ಜಳಕಾ. ಸಾಲಿ ಬಿಟ್ಟು ಬಂದ್ಲು, ಮತ್ತ ಜಳಕಾ. ಸಂಜೀಕ ನನ್ನ ಸೊಸಿ ಖಾಲಿ ಹಂಡೆ ತಂದು ನನ್ನ ಮುಂದ ಕುಕ್ಕಿದ್ಲು.

"ಅತ್ತೀ, ನಿಮ್ಮ ಮೊಮ್ಮಗಳಿಗೆ ಶಬ್ದ ಬರೂಕಿಂತ ಮೊದಲ ನೆಗಡಿ ಬರತೈತಿ!"

ಬಾಜೂ ಮನ್ಯಾಕಿ ಮುಹೂರ್ತ

ಪುಸ್ತಕ ಜಗಲಿಯಿಂದ ಇಳಿದು ಕಟ್ಟಿಗೆ ಬಂತು. ಆದ್ರ ಅದರ ಹಣಿ ಮ್ಯಾಲಿನ ಇಬತ್ತಿ ಹೋಗಿರಲಿಲ್ಲ. ಬಾಜೂ ಮನ್ಯಾಕಿ ನೋಡಿದ್ಲು. ದಪ್ಪ ಪುಸ್ತಕ, ಮ್ಯಾಲ ಇಬತ್ತಿ, ಹುಡುಗಿ ಬೊಟ್ಟು ಇಟ್ಟು ಇಟ್ಟು ಏನೋ ಹುಡುಕಾಕತ್ತಾಳ. ಇದು ಪಂಚಾಂಗನ ಅಂತ ಗಟ್ಟಿ ಮಾಡ್ಕೊಂಡು ಬಂದು ಕುಂತ್ಲು.

"ನಮ್ಮ ಮಗಳ ನಿಶ್ಚಯ ಮಾಡೂದೈತಿ. ಸೋಮವಾರ ಹೆಂಗೈತಿ ನೋಡವ್ವಾ."

ಹುಡುಗಿಗೆ ರೂಢಿ ಮಾಡಾಕ ಒಂದು ಶಬ್ದ ಸಿಕ್ಕಂಗಾತು. ಮೊದಲ ಹಾಳಿಯಿಂದ ಒಂದೊಂದ ತಿರುವಿ, ತಿರುವಿ, ಕಡೀಕ ಓದಿದ್ಲು: "ಸೋಮವಾರ. ವಾರದ ಒಂದು ದಿನ."

"ಅದು ನನಗೂ ಗೊತ್ತೈತಿ. ಬುಧವಾರ?"

ಮತ್ತ ಮೊದಲ ಹಾಳಿಯಿಂದ ಸುರು. ಅಷ್ಟ್ರಾಗ ನಾ ಎಲಿ ಅಡಕಿ ಹಾಕ್ಕೊಂಡು ಮುಗಿಸಿದ್ದೆ. "ಬುಧವಾರ. ವಾರದ ಒಂದು ದಿನ."

"ಛಲೋ ಐತೋ ಕೆಟ್ಟ ಐತೋ?"

"ಅದನ್ನ ಹೇಳಿಲ್ಲರೀ."

ಬಾಜೂ ಮನ್ಯಾಕಿ ಪುಸ್ತಕಕ್ಕ ಕೈ ಮುಗಿದ್ಲು. ಆಮ್ಯಾಲ ನನ್ನ ಕಡೆ ತಿರುಗಿ ಅಂದ್ಲು, "ಈ ಪುಸ್ತಕ ಬರದಾವ ಭಾಳ ಶಾಣ್ಯಾ ಅದಾನ ಬಿಡ ಯಕ್ಕಾ. ನಾಳೆ ಏನರೆ ಹೆಚ್ಚುಕಮ್ಮಿ ಆದ್ರ ಯಾರ ಕೈಗೂ ಸಿಗಬೀಳಂಗಿಲ್ಲ!"

ಸಕ್ಕರಿ ಎಲ್ಲೈತಿ?

ಅವತ್ತ ನನಗ ತಿಳೀತು, ಹುಡುಗಿ ಯಾಕ ಹಿಂದ ಬೀಳತಾಳಂತ. ಪ್ರತಿ ಶಬ್ದಕ್ಕೂ ಮೊದಲ ಹಾಳಿಯಿಂದ ಹೊಂಟ್ರ ಹೆಂಗ?

"ಅಕ್ಕೋರೂ ಅದನ್ನ ಅಂತಾರ ಅಜ್ಜಿ. ನಡುವ ತಗಿ, ಹಾಳಿ ತಲಿಮ್ಯಾಲಿನ ಶಬ್ದ ನೋಡು, ಹಿಂದೋ ಮುಂದೋ ಹೋಗು ಅಂತಾರ. ನನಗ ಅಕ್ಷರದ ಪಾಳೀನ ಗಡಿಬಿಡಿ ಆಗತೈತಿ."

"ಯಾವ ಪಾಳಿ?"

"ಅ ಮೊದಲ, ಆಮ್ಯಾಲ ಆ. ಹಂಗ ಶಬ್ದ ಕುಂತಿರತಾವ."

ನನಗ ತಿಳೀಲಿಲ್ಲ. "ಅಲ್ಲ ಬೇ, ಹಂಗಾದ್ರ ರೊಟ್ಟಿ ಎಲ್ಲೈತಿ?"

"ರ ದಾಗ."

"ಝುಣಕ?"

"ಝ ದಾಗ. ಭಾಳ ಹಿಂದ."

"ರೊಟ್ಟಿ ಒಂದು ಓಣ್ಯಾಗ, ಝುಣಕ ಒಂದು ಓಣ್ಯಾಗ! ಉಣ್ಣಾವ ಎಲ್ಲಿ ಕುಂಡ್ರಬೇಕು?"

ಹುಡುಗಿ ನಕ್ಕ ನಕ್ಕ ಇಟ್ಲು. ಆದ್ರ ರೂಢಿ ಆಗಬೇಕಂದ್ರ ಕೈಗೆ ಕೆಲಸ ಕೊಡಬೇಕು. ಅದು ಮಗ್ಗದ ಮನ್ಯಾಗ ಹುಟ್ಟಿದ ಎಲ್ಲಾರಿಗೂ ಗೊತ್ತು. "ಅಡಗಿ ಮನಿ ಡಬ್ಬಿ ಎಲ್ಲಾ ನಿನ್ನ ಪಾಳಿ ಪ್ರಕಾರ ಹಚ್ಚು" ಅಂದೆ. ಹಚ್ಚಿದ್ಲು. ಅಕ್ಕಿ, ಅರಿಷಿಣ, ಅವಲಕ್ಕಿ, ಉಪ್ಪು, ಎಳ್ಳು. ನೋಡಾಕ ಭಾಳ ಚಂದ ಇತ್ತು.

ಮರುದಿನ ಮುಂಜಾನೆ ಸೊಸಿ ಚಹಾ ಇಟ್ಲು. ಸಕ್ಕರಿ ಇದ್ದಲ್ಲಿ ಕೈ ಹಾಕಿದ್ಲು, ಎಳ್ಳು ಬಂತು. ಅದರ ಬಾಜೂಕ ಹಾಕಿದ್ಲು, ಉಪ್ಪು ಬಂತು.

"ಯಾರ ಬೇ ಇದನ್ನ ಮಾಡಿದಾರು? ಸಕ್ಕರಿ ಎಲ್ಲೈತಿ?"

ಹುಡುಗಿ ಹಾಸಿಗ್ಯಾಗಿಂದನ ಕೂಗಿದ್ಲು, "ಅವ್ವಾ, ಸ ದಾಗ! ಪಾಳಿ ಹಿಡಿದು ಹೋಗು!"

ಸೊಸಿ ಪಾಪ ನಿಂತಲ್ಲೇ ಬೊಟ್ಟು ಮಾಡಿ ಸುರು ಮಾಡಿದ್ಲು. ಕ, ಖ, ಗ, ಘ… ಆಕಿ ಯ, ರ, ಲ ಕ್ಕ ಮುಟ್ಟೂದ್ರಾಗ ಚಹಾ ಉಕ್ಕಿ ಒಲಿ ಆರಿತ್ತು. ನನ್ನ ಮಗ ಖಾಲಿ ಕಪ್ಪು ಹಿಡ್ಕೊಂಡು ಬಾಗಲದಾಗ ನಿಂತು ಕೇಳಿದ, "ನಿಮ್ಮ ಪಾಳ್ಯಾಗ ಗಂಡ ಯಾವಾಗ ಬರತಾನ?"

"ಗ ದಾಗ ಬಂದು ಹೋದ್ರಿ!" ಅಂದ್ಲು ಸೊಸಿ.

ಜಮಖಂಡಿಯೊಳಗ

ಎಂಟು ದಿನದಾಗ ಹುಡುಗಿ ಕಣ್ಣು ಮುಚ್ಚಿ ಡಬ್ಬಿ ತಗಿಯೂವಂಗ ಆದ್ಲು. ಪುಸ್ತಕಾನೂ ನಡುವ ತಗಿಯಾಕತ್ಲು. ಸ್ಪರ್ಧಾದ ದಿನ ನಾನೂ ಬಾಜೂ ಮನ್ಯಾಕೀನೂ ಆಕಿ ಜೋಡಿ ಬಸ್ಸು ಹತ್ತಿದಿವಿ.

ಜಮಖಂಡಿ ಸಾಲ್ಯಾಗ ದೊಡ್ಡ ಕೋಣಿ. ಹುಡುಗರು ಮುಂದ, ನಾವು ಹಿಂದ. ಶಬ್ದ ಹೇಳೂ ಸರ್ ಮೊದಲ ಹೇಳಿಬಿಟ್ರು, "ಹಿಂದ ಕುಂತವರು ಮಾತಾಡಬಾರದು." ಆತು ಅಂದಿವಿ.

ಒಂದೊಂದ ಶಬ್ದ ಆತು. ಒಬ್ಬೊಬ್ಬರ ಹಿಂದ ಸರದ್ರು. ಕಡೀಕ ನಮ್ಮ ಹುಡುಗಿ ಮತ್ತ ಮುಧೋಳದ ಒಂದು ಹುಡುಗಿ ಸರೀಸಮ ನಿಂತ್ರು. ಉಳಿದದ್ದು ಒಂದ ಶಬ್ದ. ಕೋಣಿ ಎಷ್ಟು ತಣ್ಣಗಿತ್ತಂದ್ರ ಫ್ಯಾನಿನ ಸಪ್ಪಳ ಕೇಳತಿತ್ತು. ನಾ ಬಾಜೂ ಮನ್ಯಾಕಿ ಕಿವ್ಯಾಗ ಪಿಸುಗುಟ್ಟಿದೆ, "ಗೆದ್ರ ದೇವರಿಗೆ ಕಾಯಿ ಒಡಸ್ತೇನಿ."

ಒಂದು ಮಾತು ಹೇಳಬೇಕು. ನಾವು ಬನಹಟ್ಟಿ ಮಂದಿ ಜಲ್ಮ ಪೂರಾ ಕರೆಂಟ ಮಗ್ಗದ ಸಪ್ಪಳದಾಗ ಮಾತಾಡಿದವರು. ನಮ್ಮ ಪಿಸುಮಾತು ಬ್ಯಾರೆ ಊರಾಗ ಜಗಳ ಅನಿಸತೈತಿ.

ಎಲ್ಲಾರೂ ತಿರುಗಿ ನೋಡಿದ್ರು. ಬಾಜೂ ಮನ್ಯಾಕೀನೂ ಪಿಸುಗುಟ್ಟಿದ್ಲು, "ಯಕ್ಕಾ, ಸುಮ್ಮನಿರು, ಎಲ್ಲಾರಿಗೂ ಕೇಳತೈತಿ!" ಆಕಿ ಪಿಸುಮಾತು ನನ್ನದಕ್ಕಿಂತ ದೊಡ್ಡದು. ಮುಧೋಳದ ಹುಡುಗಿ ಅವ್ವ ಎದ್ದು ನಿಂತ್ಲು, "ಏನ್ರೀ, ಹುಡುಗರಿಗೆ ಹೇಳಿ ಕೊಡಾಕತ್ತೀರೇನ್ರೀ?" "ನನಗ ಅ ಬರಂಗಿಲ್ಲ, ಏನು ಹೇಳಿ ಕೊಡಲವ್ವಾ!" ಅಂದೆ. ಆಕಿ ಒಂದು ಅಂದ್ಲು, ನಾ ಒಂದು ಅಂದೆ.

ಸರ್ ಟೇಬಲ್ ಗುದ್ದಿ ಚೀರಿದ್ರು, "ಗದ್ದಲಾ! ಗದ್ದಲಾ!"

ಅಷ್ಟ ತಡ, ಆ ಎರಡೂ ಹುಡುಗ್ಯಾರು ಬಗ್ಗಿ ಪರಪರ ಹಾಳಿ ತಿರುವಾಕ ಹತ್ತಿದ್ರು. ನಮ್ಮಾಕಿ ನಡುವಿನಕಿಂತ ಸ್ವಲ್ಪ ಹಿಂದ ತಗದ್ಲು, ಹಾಳಿ ತಲಿ ನೋಡಿದ್ಲು, ಮತ್ತೆರಡು ಹಾಳಿ ಸರಿಸಿದ್ಲು, ಟಣ್ಣನ ಎದ್ದು ನಿಂತ್ಲು.

"ಗದ್ದಲ. ಬಹಳ ಜನ ಕೂಡಿ ಮಾಡುವ ಸದ್ದು, ಗಲಾಟೆ."

ಸರ್ ಕೈ ಅಡ್ಡ ಆಡಿಸಿದ್ರು. "ಅದು… ನಾ ಶಬ್ದ ಹೇಳಿದ್ದಲ್ಲ…"

ಅವರ ಬಾಜೂಕಿನ ಅಕ್ಕೋರು ಅಂದ್ರು, "ಹೇಳೀರಿ ಸರ್. ಎರಡು ಸಲ ಹೇಳೀರಿ. ಇಬ್ಬರೂ ಹುಡುಕ್ಯಾರ, ಈಕಿ ಮೊದಲ ಎದ್ದಾಳ."

ಸರ್ ಬೆವರು ಒರಿಸಿಕೊಂಡು ಕುಂತ್ರು. "ಆತು ಬಿಡ್ರಿ. ಒಂದು ವಾಕ್ಯ ಸರಿ ಮಾಡಿದ್ರ ಈಕೀನ ಗೆದ್ದಂಗ. ಹೇಳವಾ."

ನಾ ಸೆರಗು ಬಾಯಿಗೆ ಒತ್ಕೊಂಡು ನಿಂತಿದ್ದೆ. ಹುಡುಗಿ ತಿರುಗಿ ಹಿಂದ ನೋಡಿದ್ಲು, ಎಲ್ಲಾರಿಗೂ ಕಾಣೂವಂಗ ನನ್ನ ಕಡೆ ಬೊಟ್ಟು ಮಾಡಿದ್ಲು, ಸ್ಪಷ್ಟ ಹೇಳಿದ್ಲು:

"ಈ ಗದ್ದಲ ಮಾಡಾಕತ್ತಾಕಿ ನಮ್ಮ ಅಜ್ಜಿ ರೀ ಸರ್."