ಎರಡು ಗಂಟೆಯ ಕರೆಂಟು

ಹಂಪಯ್ಯನ ಕೈಗಡಿಯಾರ ಬೆಳಿಗ್ಗೆ ಎಮ್ಮೆಯ ಕಲಗಚ್ಚಿಗೆ ಬಿದ್ದು ನಿಂತುಹೋಯಿತು. ಬೀಳುವುದಾದರೆ ನಿನ್ನೆ ಬೀಳಬಹುದಿತ್ತು, ನಾಳೆ ಬೀಳಬಹುದಿತ್ತು. ಇವತ್ತೇ ಬೀಳಬೇಕೇ?

ಕುರುಗೋಡಿನ ವಿದ್ಯುತ್ ಸ್ಟೇಷನ್ನಿನಲ್ಲಿ ಮೀಟರ್ ನೋಡುವುದು ಅವನ ಕೆಲಸ. ಬಳ್ಳಾರಿಗೆ ಹೊಸ ಸಾಹೇಬರು ಬಂದಿದ್ದರು. ಬಳ್ಳಾರಿ, ಕುರುಗೋಡು, ಸಿರುಗುಪ್ಪ ಮೂರೂ ಕಡೆ ಒಂದೇ ಕ್ಷಣಕ್ಕೆ ಮೀಟರ್ ನೋಡಿದರೆ ಕರೆಂಟು ಎಲ್ಲಿ ಸೋರುತ್ತದೆಂದು ತಿಳಿಯುತ್ತದೆ ಎಂಬುದು ಅವರ ಲೆಕ್ಕ. "ಸರಿಯಾಗಿ ಎರಡು ಗಂಟೆಗೆ. ಹಿಂದೆ ಮುಂದೆ ಆದ್ರೆ ಗಡಿಯಂಚಿನ ರಾರಾವಿಗೆ ವರ್ಗ," ಎಂದಿದ್ದರು.

"ವರ್ಗ ಆದ್ರ ನೀವೊಬ್ರೇ ಹೋಗ್ರಿ. ಮೊನ್ನಿ ಈದ ಎಮ್ಮಿ ಬಿಟ್ಟು ನಾ ಬರಂಗಿಲ್ಲ," ಎಂದು ಹೆಂಡತಿ ಹುಲುಗಮ್ಮ ಮೊದಲೇ ತೀರ್ಪು ಕೊಟ್ಟಿದ್ದಳು. ಹಂಪಯ್ಯನಿಗೋ ಅನ್ನಕ್ಕೆ ನೀರಿಡಲೂ ಬರುತ್ತಿರಲಿಲ್ಲ.

ಸ್ಟೇಷನ್ನಿನ ಗೋಡೆ ಗಡಿಯಾರ ಹೋದ ದೀಪಾವಳಿಗೇ ನಿಂತಿತ್ತು. ಊಟದ ಹೊತ್ತು ಮೀರುತ್ತಲೇ ಅವನು ಎದುರಿನ ಹೋಟೆಲಿಗೆ ಓಡಿದ.

"ಎರ್ರಣ್ಣ, ರೇಡಿಯೋದಾಗ ಎರಡರ ವಾರ್ತಿಗೆ ಮುಂಚೆ ಪೀಂ ಪೀಂ ಬರ್ತದಲ್ಲ, ಅದನ್ನ ಹಚ್ಚು."

"ಈಗ ವಿಜಯವಾಡ ಸ್ಟೇಷನ್ನಿನ ತೆಲುಗು ಹಾಡು ನಡದಾವು," ಎಂದ ಹೋಟೆಲಿನ ಎರ್ರಣ್ಣ, ಟ್ರಾನ್ಸಿಸ್ಟರನ್ನು ಹತ್ತಿರ ಎಳೆದುಕೊಳ್ಳುತ್ತ.

"ಪೀಂ ಪೀಂ ಯಾಕ? ನಮ್ಮ ಮನಿ ಗಡಿಯಾರ ಬಾಂಬೇದು," ಎಂದರು ಮಿರ್ಚಿ ತಿನ್ನುತ್ತಿದ್ದ ಹತ್ತಿ ಜಿನ್ನಿನ ತಿಪ್ಪೇರುದ್ರಪ್ಪ. "ಅದ್ರಾಗ ನಾ ಬರೂ ಮುಂಚೇನೇ ಎರಡಾಗಿತ್ತು."

"ಎಲ್ಲೀದು, ನೆಳ್ಳು ಇನ್ನೂ ಕಟ್ಟಿ ಮುಟ್ಟಿಲ್ಲ," ಎಂದಳು ಮೊಸರಿನ ಮಾರೆಮ್ಮ.

ಹಂಪಯ್ಯನಿಗೆ ಅಳುವೇ ಬಂತು. ಟ್ರಾನ್ಸಿಸ್ಟರ್ ಕಿತ್ತುಕೊಂಡು, ಅದರ ಕಿವಿ ಹಿಂಡುತ್ತಲೇ ಸ್ಟೇಷನ್ನಿಗೆ ಓಡಿದ. ಹಿಂದೆ ಎರ್ರಣ್ಣ, ಅವನ ಹಿಂದೆ ಕಾಸು ಕೊಡದ ಗಿರಾಕಿಗಳು, ಎಲ್ಲರೂ ಒಳಗೇ ಬಂದರು. ಕೊನೆಯ ಉದ್ದನೆಯ ಪೀಂ ಕೇಳುವುದಕ್ಕೂ ಹಂಪಯ್ಯ ಮೀಟರ್ ನೋಡುವುದಕ್ಕೂ ಸರಿಹೋಯಿತು.

ಮುಳ್ಳು ಸೊನ್ನೆಯಲ್ಲಿತ್ತು. ಕರೆಂಟೇ ಇಲ್ಲ.

"ಸೊನ್ನಿ ಅಂದ್ರ ಮೀಟರ್ ನೋಡೇ ಇಲ್ಲ ಅಂತಾರಲೇ," ಎಂದರು ತಿಪ್ಪೇರುದ್ರಪ್ಪ. "ಒಂದೀಟು ತಡಿ."

ಹಂಪಯ್ಯ ತಡೆದ. ಸ್ವಲ್ಪ ಹೊತ್ತಿಗೆ ಕರೆಂಟು ಬಂತು, ಮುಳ್ಳು ಎಂದಿನಂತೆ ಹನ್ನೊಂದಕ್ಕೆ ಏರಿತು. ಅವನು ಗಂಟಲು ಸರಿಮಾಡಿಕೊಂಡು ಬಳ್ಳಾರಿಗೆ ಫೋನು ಹಚ್ಚಿದ. "ಸರಿಯಾಗಿ ಎರಡಕ್ಕ ಹನ್ನೊಂದು ಐತ್ರಿ, ಸಾರ್."

"ಎರಡಕ್ಕೆ ಸರಿಯಾಗಿ ನಾನೇ ಒಂದು ನಿಮಿಷ ಲೈನು ತೆಗೆಸಿದ್ದೆ," ಎಂದರು ಸಾಹೇಬರು. "ಯಾರ ಗಡಿಯಾರ ಸರಿ ಇದೆ ನೋಡೋಣ ಅಂತ. ಸಿರುಗುಪ್ಪದ ವಿರೂಪಾಕ್ಷಪ್ಪ ಸೊನ್ನೆ ಅಂದ. ಅವನು ಕೆಲಸಗಾರ."

"ಸಾರ್, ನಾನೂ ಸೊನ್ನಿ ನೋಡೀನ್ರಿ. ಊರೇ ಸಾಕ್ಷಿ ಐತಿ."

"ನಾನು ಹೇಳಿದ ಮೇಲೆ ಎಲ್ಲರೂ ನೋಡಿರ್ತಾರೆ. ರಾರಾವಿಗೆ ನಡಿ."

ಸಂಜೆ ವಿರೂಪಾಕ್ಷಪ್ಪನ ಫೋನು ಬಂತು. "ಹಂಪಯ್ಯ, ಸಾಹೇಬ್ರು ನನ್ನ ಯಾಕ ಹೊಗಳಿದ್ರು? ಉಂಡು ಅಡ್ಡಾಗಿದ್ದೆ. ಫೋನ್ ಬಡ್ಕೊಂತು, ನಿದ್ದಿಗಣ್ಣಾಗ ಬಾಯಿಗೆ ಬಂದಂಗ ಸೊನ್ನಿ ಅಂದೆ."

ಹಂಪಯ್ಯ ಫೋನಿಟ್ಟು ಮನೆಗೆ ಹೋದ. ಹುಲುಗಮ್ಮ ಹಾಲು ಕರೆಯುತ್ತಿದ್ದಳು. ಅವನು ಕಲಗಚ್ಚಿನ ಬಾನಿಯ ಪಕ್ಕದಲ್ಲಿ ಕುಳಿತು, "ಅನ್ನಕ್ಕ ನೀರು ಎಷ್ಟು ಇಡಬೇಕು?" ಎಂದು ಕೇಳಿದ.