ಮೋಡದ ಮೇಲೆ ನೂರ ನಲವತ್ತು ಪುಟ

ಕನ್ನಡಕದ ಅಂಗಡಿಯವರಿಗೆ ಒಂದು ಚಾಳಿ. ಯಾರಾದರೂ ಇಂಗ್ಲಿಷ್ ಕಾಗದ ಹಿಡಿದು ಎದುರು ನಿಂತರೆ ಸಾಕು, ಮೇಲಿನ ತಾರೀಖಿನಿಂದ ಹಿಡಿದು ಅಡಿಯ ಸಣ್ಣಕ್ಷರದವರೆಗೆ ಅರ್ಥ ಬಿಡಿಸಿ ಹೇಳದೆ ಬಿಡುತ್ತಿರಲಿಲ್ಲ. ನಲವತ್ತರ ಮೇಲೆ ಇಂಗ್ಲಿಷ್ ಸಾಹಿತ್ಯದ ಎಂ.ಎ.ಗೆ ಕಟ್ಟಿದ ಮೇಲಂತೂ ಕೇಳುವುದೇ ಬೇಡ.

ಕಟ್ಟಿ ಆರು ವರ್ಷವಾಗಿತ್ತು. ಪರೀಕ್ಷೆಗಳೆಲ್ಲ ಹೇಗೋ ಮುಗಿದು, ಇನ್ನು ಪ್ರಬಂಧವೊಂದೇ ಬಾಕಿ: ಇಂಗ್ಲಿಷ್ ಕವಿತೆಗಳಲ್ಲಿ ಮೋಡ, ನೂರ ನಲವತ್ತು ಪುಟ. ಇಂದು ನಾಲ್ಕು ಗಂಟೆಯೊಳಗೆ ವಿಶ್ವವಿದ್ಯಾಲಯದ ಕಚೇರಿಯಲ್ಲಿ ಅದರ ಮೇಲೆ ಮುದ್ರೆ ಬಿದ್ದರೆ ಎಂ.ಎ. ಆದಂತೆಯೇ. ಈ ಆರು ವರ್ಷದಲ್ಲಿ ಹೆಂಡತಿಯ ಜೊತೆ ಕೂತು ನಾಲ್ಕು ಮಾತಾಡಲು ಅವರಿಗೆ ಪುರುಸೊತ್ತಾಗಿರಲಿಲ್ಲ. ‘ಇವತ್ತಿಗೆ ಮುಗೀತು ಕಣೇ’ ಎಂದು ಬೆಳಿಗ್ಗೆಯೇ ಮಾತು ಕೊಟ್ಟಿದ್ದರು.

“ನಾನೂ ಬರ್ತೀನಿ. ಆ ಮುದ್ರೆ ಬೀಳೋದನ್ನ ಕಣ್ಣಾರೆ ನೋಡ್ಬೇಕು” ಎಂದು ಆಕೆಯೂ ಹೊರಟರು.

ಮೆಟ್ಟಿಲಿಳಿಯುವಾಗಲೇ ಕೆಳಗಿನ ಮನೆಯ ಅಜ್ಜಿ, ಹೊಸ ಫ್ರಿಜ್ಜಿನ ಪುಸ್ತಕ ಹಿಡಿದು ಅಡ್ಡ ಬಂದರು. “ಈ ತಿರುಗೋ ಗುಂಡೀನ ಎಷ್ಟಕ್ಕೆ ಇಡ್ಬೇಕಂತೆ, ಸ್ವಲ್ಪ ನೋಡಪ್ಪ.”

ಮೂರಕ್ಕೆ ಎಂದಿದ್ದರೆ ಮುಗಿಯುತ್ತಿತ್ತು. ಇವರು ಮೊದಲನೇ ಪುಟದ ಎಚ್ಚರಿಕೆಗಳಿಂದ ಶುರುಮಾಡಿದರು. ಫ್ರಿಜ್ಜಿನೊಳಗೆ ಮಕ್ಕಳು ಬಚ್ಚಿಟ್ಟುಕೊಂಡರೆ ಏನಾಗುತ್ತದೆ ಎನ್ನುವಲ್ಲಿಗೆ ಬಂದಾಗ ಅಜ್ಜಿಗೆ ಗಾಬರಿ. “ನಮ್ಮನೇಲಿ ಮಕ್ಕಳೇ ಇಲ್ವಲ್ಲಪ್ಪ!”

“ತಿಳ್ಕೊಂಡಿರಿ ಅಜ್ಜಿ, ಒಳ್ಳೇದು.”

ಗೇಟಿನಲ್ಲಿ ನಿವೃತ್ತ ಲಾರಿ ಡ್ರೈವರ್ ವಿಮೆಯ ಕಾಗದ ಚಾಚಿದ. “ಸಾರ್, ಸಹಿ ಎಲ್ಲಿ ಹಾಕೋದು? ಅಷ್ಟು ಹೇಳ್ಬಿಡಿ ಸಾಕು.”

ಅಷ್ಟಕ್ಕೇ ಬಿಡುವ ಆಸಾಮಿಯೇ ಇವರು? ಹಾಳೆ ತಿರುಗಿಸಿ ಹಿಂಬದಿಯ ಷರತ್ತುಗಳನ್ನೆಲ್ಲ ಓದಿ ಹೇಳಿದರು. ನಗುನಗುತ್ತ ಬಂದಿದ್ದ ಮನುಷ್ಯ ಕಟ್ಟೆಯ ಮೇಲೆ ಕುಸಿದು ಕೂತ. “ಅಂದ್ರೆ ಯುದ್ಧದಲ್ಲಿ ಸತ್ರೆ ಏನೂ ಕೊಡಲ್ವಾ ಸಾರ್?”

“ಭೂಕಂಪದಲ್ಲಿ ಸತ್ರೂ ಕೊಡಲ್ಲ. ಹದಿನಾಲ್ಕನೇ ಷರತ್ತು—”

“ರೀ, ಬಸ್ಸು!” ಹೆಂಡತಿ ತೋಳು ಹಿಡಿದು ಎಳೆದರು. ಬಸ್ಸು ಆಗಲೇ ಹೋಗಿತ್ತು. ಮುಂದಿನದು ಬರುವ ಹೊತ್ತಿಗೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಅಂತೂ ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಏದುಸಿರು ಬಿಡುತ್ತ ಕಚೇರಿ ಮುಟ್ಟಿದರು. ಗುಮಾಸ್ತ ಒಳ್ಳೆಯವನು. ಕಟ್ಟು ಬಿಚ್ಚಿ, ಪುಟ ಎಣಿಸಿ, ಮುದ್ರೆಯನ್ನು ಶಾಯಿಗೆ ಒತ್ತಿ ಮೇಲೆತ್ತಿದ. ಹೆಂಡತಿ ನೋಡಲು ಮುಂದಕ್ಕೆ ಬಾಗಿದರು.

“ಅಂದ ಹಾಗೆ, ನೀವು ಇಂಗ್ಲಿಷ್ ಎಂ.ಎ. ಅಲ್ವಾ ಸ್ವಾಮಿ?” ಎತ್ತಿದ ಕೈ ಹಾಗೇ ನಿಂತಿತು. “ಬೆಳಿಗ್ಗೆ ಒಂದು ಸುತ್ತೋಲೆ ಬಂದಿದೆ. ಒಂದೊಂದು ವಾಕ್ಯವೂ ಅರ್ಧರ್ಧ ಪುಟ. ಮೂರು ಸಲ ಓದಿದೆ, ತಲೆಬುಡ ಗೊತ್ತಾಗ್ಲಿಲ್ಲ. ಏನಂತೆ ಅದು?”

“ಮೊದಲು ಮುದ್ರೆ ಹಾಕಿಸ್ಕೊಳ್ರೀ” ಎಂದು ಹೆಂಡತಿ ಪಿಸುಗುಟ್ಟಿದರು. ಕೇಳಿಸಿಕೊಳ್ಳುವವರು ಯಾರು? ಅವರ ಕಣ್ಣು ಆಗಲೇ ಕಾಗದದ ಮೇಲಿತ್ತು.

“ನೋಡಿ, ಎಷ್ಟು ಸರಳವಾಗಿದೆ! ಇನ್ನು ಮುಂದೆ ಇಂಗ್ಲಿಷ್ ಎಂ.ಎ.ಯಲ್ಲಿ ಪ್ರಬಂಧ...” ಆ ಸಾಲಿನ ಮೇಲೆ ಬೆರಳಿಟ್ಟು ಮತ್ತೊಮ್ಮೆ ಓದಿದರು.

“ಪ್ರಬಂಧ?”

ಆ ಕೋಣೆಯಲ್ಲಿ ಅದು ಅರ್ಥವಾಗಿದ್ದು ಅವರೊಬ್ಬರಿಗೇ. ಬಾಯಿಗೆ ಬಂದ ಏನನ್ನಾದರೂ ಹೇಳಿ ಪಾರಾಗಬಹುದಿತ್ತು. ಆದರೆ ತಪ್ಪು ಅರ್ಥ ಹೇಳಲು ಪಾಪ, ಅವರಿಗೆ ನಾಲಿಗೆಯೇ ಹೊರಳಲಿಲ್ಲ.

“ಪ್ರಬಂಧ ತಗೊಳ್ಳೋ ಹಾಗಿಲ್ಲ. ಬದಲಿಗೆ ಮುಂದಿನ ವರ್ಷ ಎರಡು ಪರೀಕ್ಷೆ ಬರೀಬೇಕು.”

“ಅಯ್ಯೋ! ಯಾವತ್ತಿಂದ ಜಾರಿ?”

“ಸುತ್ತೋಲೆಯ ಅರ್ಥ ಈ ಕಚೇರಿಗೆ ತಿಳಿದ ಕ್ಷಣದಿಂದ ಅಂತ ಕೊನೇ ಸಾಲಲ್ಲಿದೆ.”

ಗುಮಾಸ್ತ ಗೋಡೆಯ ಗಡಿಯಾರ ನೋಡಿದ. “ಅಂದ್ರೆ... ಈಗಿಂದ” ಎಂದು ಮುದ್ರೆಯನ್ನು ಮೆಲ್ಲಗೆ ಡಬ್ಬಿಯೊಳಗಿಟ್ಟ. “ಆದ್ರೂ ಎಷ್ಟು ಚೆನ್ನಾಗಿ ಬಿಡಿಸಿ ಹೇಳಿದ್ರಿ ಸ್ವಾಮಿ!”

ಹೊರಗಿನ ಬೆಂಚಿನ ಮೇಲೆ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಅವರು ತಲೆ ತಗ್ಗಿಸಿ ಕೂತರು. ಬೈಗುಳಕ್ಕೆ ಕಾದರು. ಬರಲಿಲ್ಲ. ಹೆಂಡತಿ ಸೆರಗಿನಿಂದ ಅವರ ಹಣೆಯ ಬೆವರು ಒರೆಸಿದರು.

“ಊರಿಗೆಲ್ಲ ಅರ್ಥ ಹೇಳ್ತೀರಿ. ಇದರಲ್ಲೇನಿದೆ ಅಂತ ನನಗೆ ಒಂದು ದಿನವಾದ್ರೂ ಹೇಳಿದ್ದೀರಾ?”

ಅವರು ತಲೆಯೆತ್ತಿದರು. “ನೂರ ನಲವತ್ತು ಪುಟ ಕಣೇ.”

“ಇರ್ಲಿ. ನನಗೇನು ನಾಲ್ಕು ಗಂಟೆ ಗಡುವಿದೆಯಾ?”

ಅವರು ಕಟ್ಟು ಬಿಚ್ಚಿ, ಮೊದಲ ಪುಟ ತೆಗೆದು, ಒಂದೊಂದೇ ಸಾಲಿಗೆ ಕನ್ನಡದಲ್ಲಿ ಅರ್ಥ ಹೇಳತೊಡಗಿದರು. ಕವಿಗಳು ಕರಿಮೋಡ ಕಂಡಾಗಲೆಲ್ಲ ಸತ್ತವರನ್ನು ನೆನೆದು ಕಣ್ಣೀರಿಡುತ್ತಾರೆ ಎಂದರು. ಹೆಂಡತಿ ಗಲ್ಲಕ್ಕೆ ಕೈಕೊಟ್ಟು ಕೇಳಿದರು.

“ಅಲ್ಲಾ ರೀ, ಆ ಕವಿಗಳ ಮನೇಲಿ ಒಣಹಾಕಿದ ಬಟ್ಟೆ ಯಾರು ತೆಗೀತಿದ್ರು?”

ಅವರು ಹಾಳೆ ತಿರುವಿದರು, ಮತ್ತೆ ತಿರುವಿದರು. ನೂರ ನಲವತ್ತು ಪುಟದಲ್ಲಿ ಅದಕ್ಕೆ ಉತ್ತರವೇ ಇರಲಿಲ್ಲ.