ಡಿಲೀಟ್ ಗುಂಡಿಗೆ ಒಂದು ತೆಂಗಿನಕಾಯಿ

ಅರಸೀಕೆರೆಯ ಕೊಬ್ಬರಿ ವ್ಯಾಪಾರಿ ಶರತ್ಚಂದ್ರ ಒಂದು ಭಾನುವಾರ ಬೆಳಿಗ್ಗೆ ಭೀಷಣ ಪ್ರತಿಜ್ಞೆ ಮಾಡಿದ. ಮನೆಯ ಒಂದೇ ಕಂಪ್ಯೂಟರಿನಲ್ಲಿ ವಿಂಡೋಸೂ ಇರಬೇಕು, ಅದರಂಥದೇ ಇನ್ನೊಂದು ವ್ಯವಸ್ಥೆ ಲಿನಕ್ಸೂ ಇರಬೇಕು. ಆನ್ ಮಾಡಿದಾಗ ಯಾವುದು ಬೇಕೆಂದು ಯಂತ್ರವೇ ಕೈಕಟ್ಟಿ ನಿಂತು ಕೇಳಬೇಕು! ಇದಕ್ಕೆ ಅವನ ತಯಾರಿ, ನೋಡಿದ್ದ ಮೂರು ವಿಡಿಯೋ.

"ಮೂರು ಗಂಟೆಗೆ ವಸ್ತುಪ್ರದರ್ಶನದವರು ವಿಡಿಯೋ ಕಾಲ್ ಮಾಡ್ತಾರೆ ಕಣ್ರೀ. ನನ್ನ ಚಿತ್ರ ಎಲ್ಲಾ ಅದರಲ್ಲೇ ಇದೆ," ಎಂದಳು ಹೆಂಡತಿ ಶಿಲ್ಪಾ. ಹಳೇಬೀಡಿನ ವಿಗ್ರಹಗಳ ಡಾಬು, ತೋಳಬಂದಿಗಳನ್ನು ನೋಡಿ ನೋಡಿ ಸೀರೆಯಂಚಿಗೆ ಇಳಿಸಿದ ನೂರಿಪ್ಪತ್ತೆರಡು ವಿನ್ಯಾಸಗಳು. ಎರಡು ವರ್ಷದ ಕೆಲಸ. ಆಯ್ಕೆಯಾದರೆ ಬೇಲೂರಿನ ಪ್ರದರ್ಶನದಲ್ಲಿ ಅವಳದೇ ಒಂದು ಮಳಿಗೆ.

"ಹನ್ನೊಂದಕ್ಕೆಲ್ಲ ಮುಗಿಸ್ತೀನಿ."

"ಬ್ಯಾಕಪ್ಪು?"

"ಕಟ್ಟಿಕೊಂಡ ಗಂಡನ ಮೇಲೆ ನಂಬಿಕೆ ಇಲ್ಲದವರಿಗೆ ಬ್ಯಾಕಪ್ಪು!"

ಸ್ಕೂಟರಿನಿಂದ ಹಿಡಿದು ಮಿಕ್ಸಿಯವರೆಗೆ, ಕಾಯಿ ಒಡೆಯದೆ ಆ ಮನೆಯಲ್ಲಿ ಏನೂ ಶುರುವಾದದ್ದಿಲ್ಲ. ಕಣಕಟ್ಟೆ ತೋಟದ ಬಲಿತ ಕಾಯಿಯೊಂದನ್ನು ಶರತ್ಚಂದ್ರ ಕಂಪ್ಯೂಟರಿನ ಎದುರೇ ಕಲ್ಲಿಗೆ ಕುಕ್ಕಿದ. ಕಾಯಿ ಒಳ್ಳೆಯದಿತ್ತು, ನೀರೂ ಧಾರಾಳ. ಕೀಬೋರ್ಡಿಗೆ ಸಿಡಿದದ್ದನ್ನು ಪಂಚೆಯ ಚುಂಗಿನಲ್ಲಿ ಒರೆಸಿ, "ತೀರ್ಥ!" ಎಂದ.

ಹನ್ನೊಂದಕ್ಕೆ ಲಿನಕ್ಸ್ ನಿಜವಾಗಿಯೂ ಒಳಗೆ ಕೂತಿತ್ತು. ಉಳಿದದ್ದು ಒಂದೇ ಕೆಲಸ: ಲಿನಕ್ಸ್ ತುಂಬಿಕೊಂಡು ಬಂದಿದ್ದ ಪೆನ್‌ಡ್ರೈವ್ ಕಿತ್ತು, ಯಂತ್ರ ಆನ್ ಆಗುವಾಗ ಡಿಲೀಟ್ ಗುಂಡಿ ಒತ್ತಿ ಸೆಟಪ್ಪಿನ ನೀಲಿ ಪರದೆಗೆ ಹೋಗಿ, ಯಾವುದರಿಂದ ಮೊದಲು ಶುರುವಾಗಬೇಕೆಂಬ ಸರತಿ ಬದಲಿಸುವುದು. ಒತ್ತಿದ, ಬದಲಿಸಿದ, ಸೇವ್ ಮಾಡಿದ. ಯಂತ್ರ ಆರಿ ಹೊತ್ತಿಕೊಂಡು ಮತ್ತೆ ಅದೇ ನೀಲಿ ಪರದೆ ತೋರಿಸಿತು.

ಸೆಟಪ್ಪಿನಲ್ಲಿದ್ದ ಸೆಕ್ಯೂರ್ ಬೂಟ್ ಎಂಬ ಕಾವಲು ತೆಗೆದ. ನೀಲಿ ಪರದೆ. ಫಾಸ್ಟ್ ಬೂಟ್ ತೆಗೆದ. ನೀಲಿ. ಯುಇಎಫ್ಐ ಎಂಬ ಈಗಿನ ಪದ್ಧತಿಯನ್ನು ಗಾದಿಯಿಂದ ಇಳಿಸಿ, ಲೆಗಸಿ ಎಂಬ ಓಬೀರಾಯನ ಕಾಲದ್ದಕ್ಕೆ ಪಟ್ಟ ಕಟ್ಟಿದ. ನೀಲಿ! ಎರಡು ಗಂಟೆಯಾಯಿತು, ಅನ್ನ ಆರಿತು. ಶಿಲ್ಪಾ ಜಗಳವಾಡಲಿಲ್ಲ, ಪಕ್ಕದಲ್ಲಿ ಕೂತು ಅವನು ಬದಲಿಸಿದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಳು. ಜಗಳವಾಡಿದ್ದರೆ ಅವನಿಗೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ.

"ನನ್ನ ಚಿತ್ರ ಇದಾವಾ, ಹೋದ್ವಾ? ಅಷ್ಟು ಹೇಳಿ ಸಾಕು."

"ಇರ್ತಾವೆ..." ಎಂದ. ಯಂತ್ರವನ್ನು ಮತ್ತೊಮ್ಮೆ ಆರಿಸಿ ಹೊತ್ತಿಸಿದ. ನೀಲಿ.

ಊಟಕ್ಕೆ ಕರೆಯಲು ಬಂದ ಅವನ ತಾಯಿ ಶಾಂತಾದೇವಿ ಕೀಬೋರ್ಡ್ ನೋಡಿ ಹೌಹಾರಿದರು. "ಅಯ್ಯೋ, ಇರುವೆ ಮುತ್ಕಂಡಾವಲ್ಲೋ!" ಒದ್ದೆಬಟ್ಟೆ ತಂದು ಒರೆಸುತ್ತಾ ಒಂದು ಕಡೆ ಕೈ ನಿಲ್ಲಿಸಿದರು. "ಮಿಕ್ಕಿದ್ ಗುಂಡಿಯೆಲ್ಲಾ ಎದ್ ನಿಂತಾವೆ, ಇದೊಂದ್ಯಾಕೋ ಒಳಕ್ಕೆ ಕೂತೈತೆ?"

ಅದೇ ಡಿಲೀಟ್ ಗುಂಡಿ! ಕಾಯಿನೀರಿನ ಸಿಹಿ ತೀರ್ಥ ಒಣಗಿ ಅಂಟಾಗಿ, ಒತ್ತಿದ ಗುಂಡಿ ಮೇಲೇಳದೆ, ಮೂರು ಗಂಟೆ ಕಾಲ ಯಂತ್ರವನ್ನು ಸೆಟಪ್ಪಿಗೇ ತಳ್ಳುತ್ತಿತ್ತು. ಶಾಂತಾದೇವಿ ಹೇರ್‌ಪಿನ್ನಿನಿಂದ ಮೀಟಿದರು. ಟಕ್ ಎಂದು ಎದ್ದಿತು.

ಶರತ್ಚಂದ್ರ ಜಯಘೋಷ ಮಾಡಿ ಯಂತ್ರವನ್ನು ಮತ್ತೆ ಶುರುಮಾಡಿದ. ಈಗ ನೀಲಿ ಇಲ್ಲ, ಕಪ್ಪು! ಶುರುವಾಗಲು ಡಿಸ್ಕೇ ಸಿಗುತ್ತಿಲ್ಲವೆಂದು ಒಂದು ಸಾಲು.

"ಏನೇನು ಬದಲಾಯಿಸಿದೆನೋ ನೆನಪಿಲ್ವಲ್ಲೇ!"

ಶಿಲ್ಪಾ ನೋಟ್‌ಬುಕ್ ತೆರೆದಳು. "ಕೊನೇದು ಲೆಗಸಿ. ವಾಪಸ್ ಹಾಕಿ. ಅದಕ್ಕೆ ಮುಂಚೆ ಫಾಸ್ಟ್ ಬೂಟ್..." ಅವಳು ಕೆಳಗಿನಿಂದ ಮೇಲಕ್ಕೆ ಓದಿದಳು, ಅವನು ಡಿಲೀಟ್ ಒತ್ತಿ ಸೆಟಪ್ಪಿಗೆ ಹೋಗಿ ಒಂದೊಂದನ್ನೇ ಹಿಂದಿನಂತೆ ಮಾಡಿದ. ಎರಡೂ ಐವತ್ತಕ್ಕೆ ಪರದೆಯ ಮೇಲೆ ಎರಡು ಹೆಸರು ಬಂದು ನಿಂತವು. ವಿಂಡೋಸ್ ಆರಿಸಿ, ನೂರಿಪ್ಪತ್ತೆರಡೂ ಚಿತ್ರ ಕಂಡಾಗ ಶಿಲ್ಪಾಳ ಕಣ್ಣಲ್ಲಿ ನೀರು ಬಂತು. ಮೂರೂವರೆಗೆ ಬೇಲೂರಿನ ಮಳಿಗೆ ಅವಳದಾಯಿತು.

ಮುಂದಿನ ಭಾನುವಾರ ಶರತ್ಚಂದ್ರನಿಗೆ ಮೂರನೆಯದೊಂದನ್ನೂ ಹಾಕುವ ಹುಮ್ಮಸ್ಸು. ಈ ಸಲ ಕಾಯಿ ಒಡೆಯಲಿಲ್ಲ. ಅಷ್ಟು ಬುದ್ಧಿ ಬಂದಿತ್ತು. ಡಿಲೀಟ್ ಒತ್ತಿದ.

"ಶಿಲ್ಪಾ, ಇದೇನೇ, ಸೆಟಪ್ಪು ಪಾಸ್‌ವರ್ಡ್ ಕೇಳ್ತಿದೆ!"

"ನಾನೇ ಇಟ್ಟಿದೀನಿ. ಹೋದ್ವಾರ ಹತ್ತೊಂಬತ್ತು ಸಲ ಆ ಪರದೆ ತೋರಿಸಿದ್ರಲ್ಲ, ದಾರಿ ಬಾಯಿಪಾಠ ಆಯ್ತು."

"ಏನಂತ ಇಟ್ಟಿದೀಯ? ಹೇಳು!"

"ಕಟ್ಟಿಕೊಂಡ ಹೆಂಡತಿ ಮೇಲೆ ನಂಬಿಕೆ ಇಲ್ಲದವರು ಕೇಳ್ತಾರೆ ಅದನ್ನ!"